ಹೆಸರಿಲ್ಲದವನ ಶೂ ಲೇಸ್

ಎಲ್ಲರೂ ಮುಖ ನೋಡಿ ಪ್ರೀತಿಗೆ ಬೀಳುತ್ತಾರೆ. ಹರ್ಷಿತಾ ಶೂ ನೋಡಿ ಬಿದ್ದಳು.

ಎರ್ನಾಕುಲಂ ಜೆಟ್ಟಿಯಿಂದ ವಿಲ್ಲಿಂಗ್ಡನ್ ಐಲ್ಯಾಂಡಿಗೆ ಹೋಗುವ ಬೆಳಗಿನ ಬೋಟು. ಅವಳು ತುಮಕೂರಿನಿಂದ ಬಂದು ಐಲ್ಯಾಂಡಿನ ಬ್ಯಾಂಕಿಗೆ ಸೇರಿ ಇನ್ನೂ ತಿಂಗಳೂ ಆಗಿರಲಿಲ್ಲ. ಎದುರು ಬೆಂಚಿನಲ್ಲಿ ಒಬ್ಬ ಕೂತಿದ್ದ. ಕಂಟೇನರ್ ಯಾರ್ಡಿನವನು ಅಂತ ಎಣ್ಣೆಗಪ್ಪು ಅಂಗಿಯೇ ಹೇಳುತ್ತಿತ್ತು. ಗಡ್ಡ ಕಾಡಿನ ಹಾಗೆ ಬೆಳೆದಿತ್ತು. ಕ್ಯಾನ್ವಾಸ್ ಶೂ ಮೇಲೆ ಹಸಿರು ಪೇಂಟ್ ಚೆಲ್ಲಿತ್ತು. ಆದರೆ ಆ ಲೇಸ್! ಒಂದರ ಮೇಲೊಂದು ನೇರ ಅಡ್ಡಗೆರೆ, ಏಣಿಯ ಮೆಟ್ಟಿಲಿನ ಹಾಗೆ. ಎಲ್ಲೂ ಕತ್ತರಿಯ ಹಾಗೆ ದಾಟಿದ ಗೆರೆ ಇಲ್ಲ.

ಪೊಲೀಸ್ ಕ್ವಾರ್ಟರ್ಸಿನಲ್ಲಿ ಬೆಳೆದವಳಿಗೆ ಆ ಏಣಿ ಗೊತ್ತಿಲ್ಲದೆ ಇರುತ್ತದೆಯೇ? ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರಾದ ಅಪ್ಪ ರುದ್ರಪ್ಪ, ಪರೇಡಿಗೆ ಹೊರಡುವ ಮುಂಚೆ ಬಾಗಿಲಲ್ಲಿ ಕೂತು ಹೀಗೇ ಲೇಸ್ ಪೋಣಿಸುತ್ತಿದ್ದರು. ಟ್ರೈನಿಂಗಿನಲ್ಲಿ ಬೆರಳಿಗೆ ಹತ್ತಿದ ಚಟ, ಬಿಡು ಅಂದರೂ ಬಿಡುವುದಿಲ್ಲ.

ತಕ್ಷಣ ಅಪ್ಪನಿಗೆ ಫೋನ್ ಹಚ್ಚಿದಳು.

"ಅಪ್ಪಾ, ಇಲ್ಲೊಬ್ಬ ಅವ್ನೆ, ಥೇಟ್ ನಿನ್ ಥರಾನೇ ಲೇಸ್ ಕಟ್ಟವ್ನೆ! ಮುಖ ರೌಡಿ, ಕಾಲು ಮಾತ್ರ ಪರೇಡ್ ಗ್ರೌಂಡು!"

ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಅನ್ನುವ ಧೈರ್ಯದಲ್ಲಿ ಜೋರಾಗಿಯೇ ನಕ್ಕಳು. ಎದುರಿನವನು ನೀರು ನೋಡುತ್ತಲೇ ಇದ್ದ. ರೆಪ್ಪೆ ಕೂಡ ಅಲುಗಲಿಲ್ಲ.

ಮಾರನೇ ದಿನ ಅದೇ ಬೆಂಚು, ಅದೇ ಶೂ, ಅದೇ ಪೇಂಟು. ಲೇಸ್ ಮಾತ್ರ ಕತ್ತರಿ ಕತ್ತರಿ!

ಹರ್ಷಿತಾ ಲೆಕ್ಕ ಹಾಕಿದಳು. ಅಂದರೆ ಇವನಿಗೆ ಕನ್ನಡ ಬರುತ್ತದೆ. ಅಂದರೆ ಇವನು ನಿಜವಾಗಿ ಪೊಲೀಸು. ಅಂದರೆ, ಅಯ್ಯೋ ದೇವರೇ, ಯಾರಿಗೂ ಗೊತ್ತಾಗಬಾರದ ಪೊಲೀಸು!

ಇಳಿಯುವ ನೂಕುನುಗ್ಗಲಲ್ಲಿ ಅವನ ಪಕ್ಕ ನಿಂತು, ಹಡಗುಗಳ ಕಡೆ ನೋಡುತ್ತಾ ಪಿಸುಗುಟ್ಟಿದಳು. "ನಿನ್ನೆ ಕಟ್ಟಿದ್ದೇ ಚೆನ್ನಾಗಿತ್ತು ಕಣ್ರೀ."

ಅವನೂ ಹಡಗುಗಳನ್ನೇ ನೋಡಿದ. ಗಡ್ಡದೊಳಗೆ ನಗು ಸಿಕ್ಕಿಹಾಕಿಕೊಂಡಿತ್ತು.

"ಎಂತ ಮಾಡುದು? ನಿಮ್ಮ ಬಾಯಿಗೆ ಬೀಗ ಇಲ್ವಲ್ಲ."

ಕಾಸರಗೋಡಿನ ಕನ್ನಡ! ಅವಳಿಗೆ ಅಲ್ಲೇ ಕುಣಿಯುವ ಹಾಗಾಯಿತು.

"ಹಾಕ್ತೀನಿ. ಬೀಗದ ಕೈ ನಿಮ್ಗೇ ಕೊಡ್ತೀನಿ."

"ಬೇಡ ಮಾರಾಯ್ತಿ, ನಾನು ಕಳೆದುಹಾಕ್ತೇನೆ."

ಆಮೇಲೆ ದಿನವೂ ಅಷ್ಟೇ. ಇಬ್ಬರೂ ಕಂಬಿ ಹಿಡಿದು, ಒಬ್ಬರನ್ನೊಬ್ಬರು ನೋಡದೆ, ನೀರಿಗೆ ಹೇಳುವ ಹಾಗೆ ಮಾತಾಡಿದರು. ಬೋಟಿನವರೆಲ್ಲ ಅವನನ್ನು ಬಾಬು ಅಂತ ಕರೆಯುತ್ತಿದ್ದರು. ಅದು ಅವನ ಹೆಸರಲ್ಲ ಅಂತ ಅವಳಿಗೆ ಗೊತ್ತಿತ್ತು. ಯಾರ್ಡಿನಲ್ಲಿ ಏನು ನಡೆಯುತ್ತಿದೆ ಅಂತ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಪೊಲೀಸರ ಮಗಳಿಗೆ ಅಷ್ಟು ತಿಳಿಯದೇ?

ಒಂದು ಬೆಳಿಗ್ಗೆ ಅವನ ಕೈ ತಟ್ಟನೆ ಎದ್ದಿತು. "ಅಲ್ಲಿ! ಅಲ್ಲಿ ನೋಡಿ!"

ಮಲೆಯಷ್ಟು ದೊಡ್ಡ ಹಡಗಿನ ನೆರಳಿನಲ್ಲಿ ಎರಡು ಡಾಲ್ಫಿನ್‌ಗಳು ನೀರು ಸೀಳಿ ಎದ್ದವು. ಬೆನ್ನ ಮೇಲೆ ಬಿಸಿಲು ಜಾರಿ, ಮತ್ತೆ ನೀರೇ ನೀರು. ಹರ್ಷಿತಾ ಕಂಬಿಯ ಆಚೆಗೆ ಬಗ್ಗಿ ನೋಡಿದಳು. ತಿರುಗಿದರೆ ಅವನು ಅವಳನ್ನೇ ನೋಡುತ್ತಿದ್ದ. ಮೊದಲ ಸಲ, ನೇರವಾಗಿ. ಎಷ್ಟು ಬೇಗ ಕಣ್ಣು ತಗ್ಗಿಸಿದನೆಂದರೆ, ತಗ್ಗಿಸಿದ್ದೇ ಎಲ್ಲವನ್ನೂ ಹೇಳಿಬಿಟ್ಟಿತು.

"ನನ್ನನ್ನು ನನ್ನ ಹೆಸರು ಹಿಡಿದು ಯಾರೂ ಕರೆಯದೆ ತುಂಬ ಕಾಲ ಆಯ್ತು," ಅಂದ.

"ಹೇಳಿ, ನಾನ್ ಕರೀತೀನಿ."

"ಕೆಲಸ ಮುಗಿಲಿ. ಮೊದಲು ನಿಮ್ಗೇ ಹೇಳುದು. ಆಣೆ."

ರೂಮ್‌ಮೇಟ್ ಗ್ರೇಸಿ ಮಂಗಳೂರಿನವಳು, ಇನ್ಫೋಪಾರ್ಕಿನ ಐಟಿ ಕಂಪನಿಯಲ್ಲಿ ಕೆಲಸ. ಗೋಳು ಹುಯ್ದುಕೊಂಡಳು. "ಹೆಸರಿಲ್ಲ, ಫೋಟೋ ಇಲ್ಲ. ನೀನು ಲವ್ ಮಾಡ್ತಿರೋದು ಮನುಷ್ಯನನ್ನಾ, ಭೂತವನ್ನಾ?"

ಮುಖದ ಫೋಟೋ ಬೇಡ ಅಂತ ಅವನು ಹೇಳಿದ್ದ. ಕಾಲಿನದು ಬೇಡ ಅಂದಿರಲಿಲ್ಲ. ಹಾಗಾಗಿ ಹರ್ಷಿತಾ ಶೂಗಳ ಫೋಟೋ ತೆಗೆದು ಗ್ರೇಸಿಗೆ ಕಳಿಸತೊಡಗಿದಳು. 'ಇವತ್ತು ನನ್ನ ಹೀರೋ ಒದ್ದೆ.' 'ಇವತ್ತು ನನ್ನ ಹೀರೋಗೆ ನಿದ್ದೆ.'

ಒಂದು ಶನಿವಾರ ಅವನು ಮೊದಲೇ ಹೇಳಿದ. "ಇವತ್ತು ನನ್ನ ಪಕ್ಕ ಒಬ್ರು ಕೂತ್ಕೊಳ್ತಾರೆ. ನಿಮ್ಗೆ ನನ್ನ ಪರಿಚಯ ಇಲ್ಲ."

ಛತ್ರಿ ಹಿಡಿದ, ಮುಖಕ್ಕೆ ಮಾಸ್ಕ್ ಹಾಕಿದ ನಡುವಯಸ್ಸಿನ ವ್ಯಕ್ತಿ ಬಂದು ಕೂತರು. ಹೊಳೆಯುವ ಕಂದು ಶೂ, ಅದರಲ್ಲೂ ಏಣಿಯ ಲೇಸ್. ಒಂದು ಹಿಮ್ಮಡಿ ಇನ್ನೊಂದಕ್ಕಿಂತ ಎರಡು ಬೆರಳು ದಪ್ಪ, ಕುಂಟು ಕಾಲಿಗೆಂದೇ ಹೊಲಿಸಿದ್ದು. ಮೇಲಧಿಕಾರಿ ಇರಬೇಕು ಅಂದುಕೊಂಡಳು ಹರ್ಷಿತಾ. ಎದುರು ಬೆಂಚಿನಿಂದ ನಾಲ್ಕೂ ಶೂಗಳನ್ನು ಕ್ಲಿಕ್ ಮಾಡಿದಳು. 'ಇವತ್ತು ನನ್ನ ಹೀರೋಗೆ ಜೊತೆ.'

ಆಮೇಲೊಂದು ದಿನ ಅವನು ಬೋಟಿಗೆ ಬರಲಿಲ್ಲ.

ಮಧ್ಯಾಹ್ನ ಬ್ಯಾಂಕಿನ ಟಿವಿಯಲ್ಲಿ ಬಂದ. ಕೈಗೆ ಕೋಳ. ಯಾರ್ಡಿನಲ್ಲಿ ರೇಡ್, ಕಂಟೇನರಿನಲ್ಲಿ ಡ್ರಗ್ಸ್, ಪೊಲೀಸ್ ಕೆಲಸದಿಂದ ಡಿಸ್ಮಿಸ್ ಆದವನೇ ಗ್ಯಾಂಗಿನ ತಲೆ ಅಂತ ಸುದ್ದಿ. ಅವನ ಹೆಸರು ಹೇಳುವ ಹೊತ್ತಿಗೆ ಹರ್ಷಿತಾ ಎರಡೂ ಕಿವಿ ಮುಚ್ಚಿಕೊಂಡಳು. ಹೇಳಬೇಕಾದವನು ಅವನು!

ಕೈ ತೆಗೆದಾಗ ಸುಗತನ್ ಅನ್ನುವ ಅಧಿಕಾರಿ ಮೈಕಿನ ಮುಂದಿದ್ದರು. ಡಿಸ್ಮಿಸ್ ಆದ ಮೇಲೆ ಆ ಮನುಷ್ಯನನ್ನು ನಾನು ಕಣ್ಣಿಂದ ಕೂಡ ನೋಡಿಲ್ಲ ಅಂದರು. ಹೇಳಿ ತಿರುಗಿ ಹೋಗುವಾಗ ಕ್ಯಾಮೆರಾ ಹಿಂದಿನಿಂದ ಹಿಡಿಯಿತು.

ದಪ್ಪ ಹಿಮ್ಮಡಿ.

ಅವನ ಕೇಸ್ ಹಿಡಿದಿದ್ದ ಅಡ್ವೊಕೇಟ್ ಶಾಲಿನಿ ಕಾಸರಗೋಡಿನವರೇ. ಎರ್ನಾಕುಲಂ ಕೋರ್ಟಿನ ಹತ್ತಿರದ ಅವರ ಆಫೀಸು ಹುಡುಕಿಕೊಂಡು ಹೋದ ಹರ್ಷಿತಾಳಿಗೆ ಎಲ್ಲ ಬಿಡಿಸಿ ಹೇಳಿದರು.

"ಡಿಸ್ಮಿಸ್ ಮಾಡಿದ್ದೇ ನಾಟಕ, ಗ್ಯಾಂಗಿನವರು ನಂಬ್ಲಿ ಅಂತ. ಅದು ಗೊತ್ತಿದ್ದದ್ದು ಸುಗತನ್ ಒಬ್ಬರಿಗೇ. ಈಗ ಅವರೇ ಗ್ಯಾಂಗಿನ ಜೇಬಲ್ಲಿದ್ದಾರೆ. ಉಳಿದ ಆಫೀಸರುಗಳು ಅನುಮಾನ ಇದ್ರೂ ನಮಗ್ಯಾಕೆ ಅಂತ ಬಾಯಿ ಮುಚ್ಚಿದ್ದಾರೆ. ಓಡಿಹೋಗ್ಲಿಕ್ಕೆ ದಾರಿ ಇತ್ತು ಅವನಿಗೆ. ಹೋಗ್ಲಿಲ್ಲ. ನನ್ನ ಇಲಾಖೆ ನನ್ನನ್ನು ಕೈಬಿಡುದಿಲ್ಲ ಅಂತ ಅಲ್ಲೇ ನಿಂತ. ನಮ್ಮ ವಿ..."

"ಮೇಡಂ, ಪ್ಲೀಸ್! ಹೆಸರು ಹೇಳ್ಬೇಡಿ!"

ಶಾಲಿನಿ ಕನ್ನಡಕ ತೆಗೆದು ಅವಳನ್ನು ನೋಡಿದರು. "ಓಹೋ. ಹಾಗುಂಟಾ ವಿಷಯ?" ಆಮೇಲೆ ಮೆಲ್ಲಗೆ ಹೇಳಿದರು. "ತಿರುವನಂತಪುರದಲ್ಲಿ ವಿಚಾರಣಾ ಆಯೋಗ ಕೂರ್ತದೆ. ಇಬ್ಬರನ್ನೂ ಒಟ್ಟಿಗೆ ನೋಡಿದವರು ಒಬ್ಬರಾದ್ರೂ ಬೇಕು. ಇಲ್ಲದಿದ್ರೆ ಅವನ ಜೀವನ ಜೈಲಲ್ಲೇ."

ಆ ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಜೀವನವಿಡೀ ಮೇಲಧಿಕಾರಿಗಳಿಗೆ ಸೆಲ್ಯೂಟ್ ಹೊಡೆದ ಮನುಷ್ಯ. ಮಗಳು ಒಬ್ಬ ದೊಡ್ಡ ಅಧಿಕಾರಿಯ ಎದುರು ಸಾಕ್ಷಿ ಹೇಳಲಿ ಅಂತಾರಾ?

ರುದ್ರಪ್ಪ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕೇಳಿದರು. "ಅವತ್ತು ಏಣಿ ಥರ ಲೇಸ್ ಕಟ್ಟಿದ್ದ ಅಂದ್ಯಲ್ಲ, ಅವ್ನೇನಾ?"

"ಹೂಂ ಅಪ್ಪಾ."

"ಹಂಗಾದ್ರೆ ನಾನೂ ಬತ್ತೀನಿ."

ವಿಚಾರಣೆಯ ಹಾಲ್ ತುಂಬಿತ್ತು. ನಿವೃತ್ತ ನ್ಯಾಯಾಧೀಶೆಯೊಬ್ಬರು ಎತ್ತರದ ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಅವನಿಂದ ಕಿತ್ತುಕೊಂಡ ವಸ್ತುಗಳು, ನಡುವೆ ಹಸಿರು ಪೇಂಟಿನ ಆ ಶೂ. ಅವನು ಬೆಂಚಿನಲ್ಲಿ ಬರಿಗಾಲಲ್ಲಿ ಕೂತಿದ್ದ. ಗಡ್ಡ ಹೋಗಿತ್ತು. ಎಷ್ಟು ಎಳೆ ಮುಖ!

ಸುಗತನ್ ಒಳಗೆ ಬಂದರು. ಯೋಚಿಸುವ ಮೊದಲೇ ಅವನ ದೇಹ ಎದ್ದುಬಿಟ್ಟಿತು. ಹಿಮ್ಮಡಿ ಜೋಡಿಸಿ, ಎದೆ ಮುಂದೆ, ಅಟೆನ್ಷನ್. ತನ್ನನ್ನು ಮುಳುಗಿಸಿದವರ ಮುಂದೆಯೂ! ಹರ್ಷಿತಾಳಿಗೆ ಮೈಯೆಲ್ಲ ರೋಮಾಂಚ.

ರುದ್ರಪ್ಪ ಅವಳ ಕಿವಿಯಲ್ಲಿ ಹೇಳಿದರು. "ನೋಡ್ದ್ಯಾ? ಯೂನಿಫಾರ್ಮ್ ಕಿತ್ಕಂಡವ್ರೆ. ಅದು ಮೈಯೊಳಗೈತೆ ಕಣವ್ವಾ, ಹೆಂಗ್ ಕಿತ್ತಾರು?"

ಅವಳ ಸರದಿ ಬಂದಾಗ ಫೋಟೋ ಪರದೆಯ ಮೇಲೆ ಮೂಡಿತು. ಬೋಟಿನ ಒದ್ದೆ ನೆಲ, ನಾಲ್ಕು ಶೂ. ಫೋಟೋದ ತಾರೀಖು ಅವನು ಡಿಸ್ಮಿಸ್ ಆಗಿ ಎಷ್ಟೋ ತಿಂಗಳ ನಂತರದ್ದು.

ಸುಗತನ್ ಪರ ವಕೀಲ ನಕ್ಕ. "ಕಾಲಿನ ಫೋಟೋ! ಇದೂ ಒಂದು ಸಾಕ್ಷಿಯಾ?"

ನ್ಯಾಯಾಧೀಶೆ ನಗಲಿಲ್ಲ. ಮೇಜಿನ ಮೇಲಿನ ಹಸಿರು ಕಲೆ ನೋಡಿದರು, ಪರದೆಯ ಮೇಲಿನ ಹಸಿರು ಕಲೆ ನೋಡಿದರು.

"ಮಿಸ್ಟರ್ ಸುಗತನ್, ಕಾಲು ಸ್ವಲ್ಪ ಮುಂದೆ ಇಡಿ."

ಸುಗತನ್ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು. ಅಷ್ಟು ಸಾಕಾಯಿತು. ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಬಗ್ಗಿ ನೋಡಿದರು.

ಬೆಂಚಿನಲ್ಲಿದ್ದವನು ಮಾತ್ರ ಬಗ್ಗಲಿಲ್ಲ. ಅವನು ಹರ್ಷಿತಾಳನ್ನು ನೋಡುತ್ತಿದ್ದ, ಡಾಲ್ಫಿನ್ ಎದ್ದ ಬೆಳಗಿನ ಅದೇ ಕಣ್ಣಿನಲ್ಲಿ.

ಓಣಂ ಕಳೆದ ಮೇಲೆ ಬಿಡುಗಡೆ ಆಯಿತು. ಜೈಲಿನ ಗೇಟಿನ ಹೊರಗೆ, ಹೂ ಬಿಟ್ಟ ಮರದ ಕೆಳಗೆ ಅವಳು ಕಾಯುತ್ತಿದ್ದಳು. ಅವನು ಅದೇ ಕ್ಯಾನ್ವಾಸ್ ಶೂ ಎಳೆಯುತ್ತಾ ಬಂದ. ಲೇಸ್ ಇರಲಿಲ್ಲ.

"ಎಂತ ಮಾಡುದು, ಒಳಗೆ ಲೇಸ್ ತೆಗೆದಿಡ್ತಾರೆ. ಎಲ್ಲೋ ಕಳೆದುಹಾಕಿದ್ದಾರೆ."

ಹರ್ಷಿತಾ ಬ್ಯಾಗಿನಿಂದ ಹೊಸ ಲೇಸ್ ತೆಗೆದಳು. "ಅಪ್ಪ ಕೊಟ್ಟು ಕಳ್ಸಿದಾರೆ. ಕೂತ್ಕೊಳಿ."

ಕಟ್ಟೆಯ ಮೇಲೆ ಕೂತು ಒಂದು ಶೂಗೆ ಅವನು, ಒಂದಕ್ಕೆ ಅವಳು ಪೋಣಿಸಿದರು. ಮೆಟ್ಟಿಲ ಮೇಲೆ ಮೆಟ್ಟಿಲು. ಬೆರಳು ಬೆರಳಿಗೆ ತಾಗಿತು, ಯಾರೂ ಎಳೆದುಕೊಳ್ಳಲಿಲ್ಲ.

"ಕೆಲಸ ವಾಪಸ್ ಕೊಡ್ತಾರಂತಾ?"

"ಗೊತ್ತಿಲ್ಲ. ಕೊಡದಿದ್ರೆ?"

"ಕೊಡದಿದ್ರೆ ನನ್ ಶೂಗೂ ನೀವೇ ಲೇಸ್ ಕಟ್ಟಿ. ಪರ್ಮನೆಂಟ್ ಪೋಸ್ಟು."

ಅವನು ನಕ್ಕ. ಗಡ್ಡವಿಲ್ಲದ ನಗುವಿಗೆ ಅಡಗಲು ಜಾಗವೇ ಇರಲಿಲ್ಲ. ಆಮೇಲೆ ಗಂಭೀರವಾದ.

"ಪೇಪರಲ್ಲಿ, ಟಿವಿಯಲ್ಲಿ, ಎಲ್ಲ ಕಡೆ ನನ್ನ ಹೆಸರು ಬಂತಲ್ಲ. ನಿಮ್ಗೆ ಈಗ ಗೊತ್ತುಂಟು."

"ಇಲ್ಲಪ್ಪ. ಕಿವಿ ಮುಚ್ಕೊಂಡಿದ್ದೆ. ಪೇಪರ್ ಓದೇ ಇಲ್ಲ. ವಿಚಾರಣೆ ಹಾಲಲ್ಲಿ ನಿಮ್ ಹೆಸ್ರು ಕೂಗಿದಾಗ್ಲೂ ಮನಸ್ಸಲ್ಲಿ ಮಗ್ಗಿ ಹೇಳ್ಕೊತಿದ್ದೆ. ನೀವು ಆಣೆ ಮಾಡಿದ್ರಲ್ಲ?"

ಅವನು ಕೈಯಲ್ಲಿದ್ದ ಲೇಸ್ ಬಿಟ್ಟು ಅವಳ ಕಡೆ ತಿರುಗಿದ.

"ವಿಠಲ," ಅಂದ. ತನ್ನದೇ ಹೆಸರನ್ನು ಹೊಸದಾಗಿ ಕಲಿತವನ ಹಾಗೆ.

ಹರ್ಷಿತಾ ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟು, ಅಪ್ಪನ ಪರೇಡ್ ದನಿ ತೆಗೆದು, ಗೇಟಿನ ಕಾವಲಿನವನೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು.

"ವಿಠಲ!"

ಅವನು ಚಂಗನೆ ಎದ್ದ. ಹಿಮ್ಮಡಿ ಜೋಡಿಸಿದ. ಒಂದು ಲೇಸ್ ಇನ್ನೂ ಅರ್ಧ ಪೋಣಿಸಿ ನೇತಾಡುತ್ತಿತ್ತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ತುಟಿಯಲ್ಲಿ ಆ ನಗು.

"ಯೆಸ್ ಮೇಡಂ!"