ಹಸಿ ಎಂಬ ಒಂದು ಮಾತು

ಮೂರನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು, ನಾಲ್ಕನೆಯದನ್ನು ಜಯದೇವಿ ಬಡಿಯುತ್ತಿದ್ದಳು. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಗಂಡಸಿನ ದನಿ.

"ನಾಯಿ ಎಲ್ಲದ್ರಿ?"

ಕೈತುಂಬ ಜೋಳದ ಹಿಟ್ಟು. ಸೆರಗು ಸರಿಮಾಡಿಕೊಳ್ಳಲೂ ಆಗದೆ ಅವಳು ತಲೆ ಎತ್ತಿದಳು. ಎತ್ತರದ ಮನುಷ್ಯ. ಹೆಗಲಿಗೆ ಚರ್ಮದ ಚೀಲ, ಹಣೆಯ ಮೇಲೆ ಅಂಗಾರ, ಅಕ್ಷತೆ.

"ಗಾಬರಿ ಆಗಬ್ಯಾಡ್ರಿ. ನಾನು ಗುರುರಾಜ, ದನದ ಡಾಕ್ಟರ್. ಕಮಲಾಪುರದಾಗ ದವಾಖಾನಿ ಇಟ್ಟೀನಿ. ನಿಮ್ಮಣ್ಣ ಹೇಳಿ ಕಳಿಸ್ಯಾರ."

ಗೋಡೆಯ ನೆರಳಲ್ಲಿ ಶೇರಾ ಮಲಗಿತ್ತು. ಅಪ್ಪ ಸಾಕಿದ ಅಲ್ಸೇಷನ್. ಅಪ್ಪ ತೀರಿಹೋದ ಮೇಲೆ ಅದರ ಪಕ್ಕೆಲುಬುಗಳು ಒಂದೊಂದಾಗಿ ಎದ್ದುಬಂದಿದ್ದವು. ಮುಂದಿನ ಬೋಗುಣಿಯಲ್ಲಿ ಹೈದರಾಬಾದಿನಿಂದ ಚೀಲಗಟ್ಟಲೆ ತರಿಸುವ ನಾಯಿಯ ಒಣ ತಿಂಡಿ ಹಾಗೇ ಬಿದ್ದಿತ್ತು. ಮನೆಯವರ ಬಾಯಲ್ಲಿ ಅದು 'ಬಿಸ್ಕೀಟು'.

ಗುರುರಾಜ ಕುಕ್ಕರಗಾಲಲ್ಲಿ ಕುಳಿತು ಅದರ ಒಂದು ತುಣುಕು ಎತ್ತಿಕೊಂಡ. ಮೂಸಿದ. ಕಟಕ್ಕನೆ ಕಡಿದೇಬಿಟ್ಟ!

"ಅಯ್ಯ! ಅದು ನಾಯೀದ್ರಿ!"

"ಗೊತ್ತದ. ಅದು ಯಾಕ ತಿನವಲ್ದು ಅಂತ ನೋಡಬೇಕಲ್ರಿ..." ಅವನು ಹಂಚಿನ ಕಡೆ ಕಣ್ಣು ಹೊರಳಿಸಿದ. "ಇದು ನಿಮ್ಮ ರೊಟ್ಟಿಯಂಗಿದ್ರ ನಾನೂ ದಿನಾ ಬರ್ತಿದ್ದೆ. ಅಂದಂಗ, ರೊಟ್ಟಿ ಸುಡಾಕತ್ತದ ನೋಡ್ರಿ."

ಅಪ್ಪ ಹೋದ ಮೇಲೆ ಜಯದೇವಿ ನಕ್ಕಿದ್ದು ಅದೇ ಮೊದಲು.

ಅದು ತೊಂಬತ್ತೆಂಟನೆಯ ಇಸವಿ. ಶಹಾಬಜಾರದ ಆ ಮನೆಯಲ್ಲಿ ಇದ್ದವರು ಮೂವರೇ. ತೊಗರಿ ವ್ಯಾಪಾರದ ಅಣ್ಣ ಕಲ್ಯಾಣಪ್ಪ, ಅವನ ಹೆಂಡತಿ ವೈನಿ ಬಂಡೆಮ್ಮ, ಮದುವೆಯಾಗದ ಇಪ್ಪತ್ತಾರರ ಜಯದೇವಿ. ಒಂದು ದಿನವೂ ಲಿಂಗಪೂಜೆ ತಪ್ಪದ ಮನೆ. ಅಲ್ಲಿ ಮೊಟ್ಟೆಯ ಹೆಸರನ್ನೂ ಯಾರೂ ಎತ್ತುತ್ತಿರಲಿಲ್ಲ.

"ಬಿಸ್ಕೀಟು ಬಿಡಿಸಬ್ಯಾಡ್ರಿ," ಎಂದ ಗುರುರಾಜ. "ಮುಂಜಾನಿ ಅದೇ ಇರಲಿ. ಸಂಜಿಗೆ ಮಾತ್ರ..."

"ಸಂಜಿಗೆ ಏನ್ರಿ?"

ಒಳಗೆ ಬಂಡೆಮ್ಮನ ಪೂಜೆಯ ಗಂಟೆ ಕೇಳುತ್ತಿತ್ತು. ಅವನು ದನಿ ತಗ್ಗಿಸಿದ.

"ಖಂಡ. ಮೊದಲ ಒಂದೇ ತುಣುಕು ಹಾಕ್ರಿ. ಹೊಟ್ಟಿಗೆ ಹಿಡಿಸಿದ್ರ ದಿನಾ ಇಷ್ಟಿಷ್ಟು ಹೆಚ್ಚು ಮಾಡ್ರಿ. ಅದನ್ನೂ ಬಿಸ್ಕೀಟನ್ನೂ ಒಂದೇ ಬೋಗುಣ್ಯಾಗ ಕಲಸಬ್ಯಾಡ್ರಿ, ನಡುವ ಏಳೆಂಟು ತಾಸು ಹೋಗಲಿ. ಎರಡು ತಿಂಗಳಾದ ಮ್ಯಾಲ ಎಲುಬೂ ಕೊಡಬಹುದು."

ಗಂಟೆ ನಿಂತಿತು. ಬಂಡೆಮ್ಮ ಬಾಗಿಲಿಗೆ ಬಂದು ನಿಂತಳು.

"ಕುದಿಸಿ ಕೊಡಬೇಕೇನ್ರಿ?" ಎಂದು ಕೇಳಿದಳು ಜಯದೇವಿ.

ಕುದಿಸಬಾರದು, ಹಸಿಯಾಗಿಯೇ ಕೊಡಬೇಕು ಎಂದು ಅವನು ಹೇಳಬೇಕಿತ್ತು. ಅಷ್ಟೇ ಮಾತು! ಆದರೆ ಬಂಡೆಮ್ಮನ ಕಣ್ಣು ಅವನ ಹಣೆಯ ಅಕ್ಷತೆಯ ಮೇಲಿತ್ತು. ವೈಷ್ಣವರ ಹುಡುಗ, ಲಿಂಗವಂತರ ಹೆಣ್ಣುಮಗಳಿಗೆ, ಹಸಿ ಖಂಡ ಕೈಯಲ್ಲಿ ಹಿಡಿ ಎನ್ನುವುದು... ಗುರುರಾಜನ ಕಿವಿ ಕೆಂಪಾದವು.

"ನಿಮಗ... ಹ್ಯಾಂಗ ಅನುಕೂಲ ಆಗ್ತದ ಹಂಗ ಮಾಡ್ರಿ," ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಕುದಿಸಿದರೆ ಯಾವುದೂ ಶುದ್ಧವಾಗುತ್ತದೆ. ಹಾಲಾಗಲಿ, ನೀರಾಗಲಿ. ಜಯದೇವಿಗೆ ತಿಳಿದದ್ದು ಅಷ್ಟೇ.

ಅಪ್ಪನ ನಾಯಿ ಉಳಿಯಲಿ ಎಂದು ಅಣ್ಣ ಒಪ್ಪಿದ. ಕೋಟೆ ಹತ್ತಿರದ ಕರೀಂಸಾಬನ ಖಂಡದ ಅಂಗಡಿಗೆ ಅವಳು ಮುಚ್ಚಳದ ಡಬ್ಬಿ ಹಿಡಿದು ಹೋಗತೊಡಗಿದಳು.

"ಬಾಮಣ ಡಾಕ್ಟರ್, ಲಿಂಗಾಯತ ಗಿರಾಕಿ!" ಎಂದು ಕರೀಂಸಾಬ ನಗುತ್ತಿದ್ದ. "ಬೇಟಿ, ನಿಮ್ಮ ಶೇರಾ ನನ್ನ ದುಕಾನ್ ಇಜ್ಜತ್ ಹೆಚ್ಚು ಮಾಡ್ಯಾನ ನೋಡು!"

ಹಿತ್ತಲ ತುದಿಯಲ್ಲಿ ಮೂರು ಇಟ್ಟಿಗೆ ಹೂಡಿ ಕುದಿಸುವಳು. ಮೊದಲ ದಿನ ಆ ವಾಸನೆಗೆ ಎರಡು ಸಲ ವಾಂತಿ ಮಾಡಿಕೊಂಡಳು. ಆಮೇಲೆ ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡುವಳು. ತಿಂಗಳೊಪ್ಪತ್ತಿನಲ್ಲಿ ಶೇರಾನ ಪಕ್ಕೆ ತುಂಬಿತು, ಕೂದಲು ಮಿಂಚಿತು.

ಗುರುವಾರಕ್ಕೊಮ್ಮೆ ಗುರುರಾಜ ಬರುತ್ತಿದ್ದ. ಅವನು ಬರುವುದು ಬಿಸ್ಕೀಟಿನ ಹೊತ್ತಿಗೆ, ಮುಂಜಾನೆ. ಸಂಜೆಯ ಖಂಡವನ್ನು ಹೇಗೆ ಕೊಡುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ಬೇರೆ ಮಾತುಗಳೇ ಬಹಳವಿದ್ದವು.

"ದೀಪಾವಳಿ ಆಗಲಿ. ನಿಮ್ಮಣ್ಣನ್ನ ಕೇಳ್ತೀನಿ," ಎಂದ ಒಂದು ಗುರುವಾರ.

"ಏನಂತ?"

"ನಾಯಿ ಚಲೋ ಆತು, ಇನ್ನ ಸಾಕಿದಾಕಿನ್ನ ಕೊಡ್ರಿ ಅಂತ."

"ನಿಮ್ಮ ಜಾತಿ, ನಮ್ಮ ಜಾತಿ... ನಿಮ್ಮವ್ವ ಏನಂತಾರ?"

"ಅವ್ವಗ ನಾ ಹೇಳ್ತೀನಿ. ನನ್ನ ಮ್ಯಾಲ ನಂಬಿಗಿ ಇಲ್ಲೇನು, ಜಯಾ?"

ಇತ್ತು. ಬಹಳವಿತ್ತು!

ದೀಪಾವಳಿಗೆ ಎಂಟು ದಿನವಿರುವಾಗ ಅವಳು ಮೊದಲ ಸಲ ಎಲುಬು ತಂದಳು. ಮೆತ್ತಗಾಗಲಿ ಎಂದು ಎರಡು ತಾಸು ಕುದಿಸಿದಳು. ಶೇರಾ ಬಾಲ ಅಲ್ಲಾಡಿಸುತ್ತ ಕಡಿದು ನುಂಗಿತು. ಅವಳು ಪಕ್ಕದಲ್ಲೇ ಕುಳಿತು ಅದರ ತಲೆ ಸವರಿದಳು.

ಮರುದಿನ ಅದು ರಕ್ತ ಕಾರಿತು. ಮೂರನೆಯ ದಿನ, ಡಾಕ್ಟರು ಬರುವ ಹೊತ್ತಿಗೆ, ಅವಳ ತೊಡೆಯ ಮೇಲೆ ತಲೆಯಿಟ್ಟೇ ಪ್ರಾಣ ಬಿಟ್ಟಿತು.

"ಏನಾತ್ರಿ ಇದಕ್ಕ?" ಕಲ್ಯಾಣಪ್ಪನ ದನಿ ನಡುಗುತ್ತಿತ್ತು.

ಗುರುರಾಜ ಇಟ್ಟಿಗೆಗಳ ಮೇಲಿದ್ದ ಮಸಿ ಪಾತ್ರೆಯನ್ನು ನೋಡಿದ. ಒಳಗೆ ಬೆಂದ ಎಲುಬು. ಅವನ ಮುಖ ಬಿಳಿಚಿತು.

"ಹಸಿ ಎಲುಬು ನಾಯಿಗೆ ಅರಗತದ್ರಿ. ಕುದಿಸಿದ್ದು ಗಾಜಿನಂಗ ಸೀಳತದ. ಚೂರು ಕರುಳಿಗೆ ನಟ್ಟಾವ."

"ಕುದಿಸ್ರಿ ಅಂತ ನೀವೇ ಹೇಳಿದ್ರೇನು?"

"ಇಲ್ಲ... ನಾ ಹಂಗ ಹೇಳಿಲ್ಲ."

ಅದು ಸುಳ್ಳಲ್ಲ. ನಿಜವೂ ಅಲ್ಲ.

"ನಾ ಕೇಳಿದ್ದೆನಲ್ರಿ!" ಜಯದೇವಿ ಎದ್ದು ನಿಂತಳು. "ಇಲ್ಲೇ ಕೂತು ಕೇಳಿದ್ದೆ. ಅವಾಗ ವೈನಿನೂ ಇದ್ರು. ವೈನಿ, ಹೇಳ್ರಿ!"

"ನನಗೇನೂ ನೆಪ್ಪಿಲ್ಲವ್ವ," ಎಂದಳು ಬಂಡೆಮ್ಮ. "ಖಂಡದ ಮಾತಿಗೆ ಕಿವಿ ಕೊಡಾಕಿ ನಾ ಅಲ್ಲ."

ಜಯದೇವಿ ಗುರುರಾಜನ ಕಡೆ ತಿರುಗಿದಳು. ಒಂದೇ ಮಾತು... ಒಂದೇ ಒಂದು ಮಾತು ಹೇಳಿ!

ಅವನು ತಲೆ ತಗ್ಗಿಸಿ ಚೀಲದ ಪಟ್ಟಿ ಬಿಗಿಯುತ್ತಿದ್ದ.

"ಅಪ್ಪ ಹೋದ," ಎಂದ ಕಲ್ಯಾಣಪ್ಪ. "ಅಪ್ಪ ಬಿಟ್ಟು ಹೋಗಿದ್ದನ್ನ ನೀ ಕೊಂದಿ."

ಅಂದಿನಿಂದ ಐದು ವರ್ಷ.

ಆ ಕೈ ಪೂಜೆಯ ಹೂವು ಮುಟ್ಟಬಾರದು. ಆ ಕೈ ಹಿಟ್ಟು ನಾದಬಾರದು. ಅವಳ ತಟ್ಟೆ ಹಿತ್ತಲ ಕಟ್ಟೆಯ ಮೇಲೆ. ಕನ್ಯಾ ನೋಡಲು ಬಂದವರಿಗೆ ಚಹಾ ಕೊಡುತ್ತಲೇ ಬಂಡೆಮ್ಮ ನಗುನಗುತ್ತ ಹೇಳುವಳು, "ಹುಡುಗಿ ಚಲೋ ಇದ್ದಾಳ್ರಿ. ಖಂಡ ಬೇಯಿಸಾಕೂ ಬರ್ತದ. ಒಂದು ನಾಯಿ ಅಷ್ಟೇ ಸತ್ತದ." ಬಂದವರು ಅರ್ಧ ಚಹಾ ಬಿಟ್ಟು ಏಳುವರು.

ಗುರುರಾಜ ಮತ್ತೆ ಆ ಓಣಿಗೆ ಬರಲಿಲ್ಲ.

ಎರಡು ಸಾವಿರದ ಮೂರರಲ್ಲಿ ಕಲ್ಯಾಣಪ್ಪ ಹೊಸ ನಾಯಿಮರಿ ತಂದ. ನೆಂಟರೆಲ್ಲ ಪಡಸಾಲೆಯಲ್ಲಿ ಕುಳಿತಿದ್ದರು. ಮರಿ ತಾನಾಗಿಯೇ ತೊಡರುತ್ತ ಹಿತ್ತಲಿಗೆ ಬಂದು ಜಯದೇವಿಯ ಕಾಲು ನೆಕ್ಕಿತು. ಅವಳ ಕೈ ತಾನೇ ಕೆಳಗೆ ಚಾಚಿತು.

"ಮುಟ್ಟಬ್ಯಾಡ!" ಬಂಡೆಮ್ಮನ ಕೂಗಿಗೆ ಮನೆಯೇ ತಿರುಗಿ ನೋಡಿತು. "ಒಂದನ್ನ ನುಂಗಿದ್ದು ಸಾಲದೇನು?"

ನೆಂಟರಲ್ಲಿ ಯಾರೋ ನಕ್ಕರು. ಅಣ್ಣ ಬಂದು ಮರಿಯನ್ನು ಎತ್ತಿಕೊಂಡು ಒಳಗೆ ಹೋದ.

ಜಯದೇವಿ ಚಪ್ಪಲಿ ಮೆಟ್ಟಿ ಹೊರಬಿದ್ದಳು. ಬಸ್‌ಸ್ಟ್ಯಾಂಡಿನವರೆಗೂ ಅಳಲಿಲ್ಲ. ಕಮಲಾಪುರದ ಬಸ್ಸಿನಲ್ಲಿ, ಕೆಂಬಾಳೆಹಣ್ಣು ಮಾರಿ ಖಾಲಿಯಾದ ಬುಟ್ಟಿಗಳ ನಡುವೆ ಕುಳಿತ ಮೇಲೂ ಅಳಲಿಲ್ಲ.

ದವಾಖಾನೆಯಲ್ಲಿ ಗುರುರಾಜ, ನಾಯಿಯ ಜೊತೆ ಬಂದ ಸಾಯಬಣ್ಣನೆಂಬ ಕುರಿಗಾರನ ಮೇಲೆ ಕೂಗಾಡುತ್ತಿದ್ದ. "ಹಸಿ! ಹಸೀದೇ ಹಾಕು! ಎಲುಬು ಕುದಿಸಿದಿ ಅಂದ್ರ ಈ ಕಡಿ ಕಾಲಿಡಬ್ಯಾಡ. ಒಣ ತಿಂಡಿ ಮುಂಜಾನಿ, ಹಸೀದು ಸಂಜಿಗೆ. ತಿಳೀತೇನು?"

"ಎಷ್ಟು ಸಲ ಹೇಳ್ತೀರಿ ಡಾಕ್ಟರ್ ಸಾಹೇಬ್ರ, ನಾ ಏನು ಕಿವುಡನ?" ಎಂದು ಗೊಣಗುತ್ತ ಸಾಯಬಣ್ಣ ಎದ್ದುಹೋದ.

ಈಗ ಎಷ್ಟು ಗಟ್ಟಿಯಾಗಿ ಹೇಳುತ್ತಾರೆ! ಜಯದೇವಿಗೆ ಸಿಟ್ಟು ಉಕ್ಕಿತು. ಆದರೆ ಆ ದನಿಗೆ ಎದೆ ಮಾತ್ರ ಮೊದಲಿನಂತೆಯೇ ಬಡಿದುಕೊಂಡಿತು. ನಾಚಿಕೆಯಿಲ್ಲದ ಎದೆ!

ಗುರುರಾಜ ತಲೆ ಎತ್ತಿದ. ಕೈಯಲ್ಲಿದ್ದ ಸೂಜಿ ಕೆಳಗೆ ಬಿತ್ತು.

"ಜಯಾ..."

"ಮದಿವಿ ಆಗ್ರಿ ಅನ್ನಾಕ ಬಂದಿಲ್ಲ. ನಾ ಕೇಳಿದ್ದೆ, ನೀವು ಹೇಳಲಿಲ್ಲ. ಇಷ್ಟನ್ನ ನಮ್ಮಣ್ಣಗ ಹೇಳ್ರಿ."

ಅವನು ಔಷಧದ ಕಪಾಟಿನ ತಳದಿಂದ ಒಂದು ಹಳದಿಗಟ್ಟಿದ ಕಾಗದ ತೆಗೆದು ಅವಳ ಮುಂದಿಟ್ಟ. ಶೇರಾ ಸತ್ತ ದಿನವೇ ತಪ್ಪು ಒಪ್ಪಿಕೊಂಡು ಕಲ್ಯಾಣಪ್ಪನಿಗೆ ಬರೆದದ್ದು. ಅವತ್ತು ತಾಯಿ ಪಾರ್ವತೀಬಾಯಿ, "ಇದು ಊರಿಗೆ ಗೊತ್ತಾದ್ರ ನಿನ್ನ ಕಡಿ ಯಾರು ಬರ್ತಾರ?" ಎಂದಿದ್ದಳು. ಅಷ್ಟಕ್ಕೇ ಕಾಗದ ಕಪಾಟು ಸೇರಿತ್ತು.

ಜಯದೇವಿ ಓದಿದಳು. ಮತ್ತೊಮ್ಮೆ ಓದಿದಳು.

"ನಾ ಹಿತ್ತಲದಾಗ ಉಣ್ಣಾಕತ್ತಿದ್ದೆ... ಇದು ಇಲ್ಲಿ ಬೆಚ್ಚಗ ಮಲಗಿತ್ತೇನ್ರಿ?"

"ನಿಮ್ಮನ್ನ ಬಿಟ್ಟು ಯಾರನ್ನೂ ಮದಿವಿ ಆಗಿಲ್ಲ, ಜಯಾ."

"ಅದು ನಿಮ್ಮ ಉಪಾಸ. ಅದರಿಂದ ನನ್ನ ಹೊಟ್ಟಿ ತುಂಬಲಿಲ್ಲ."

ಅವನ ಕಣ್ಣು ತುಂಬಿದವು. ಅವಳು ಒರೆಸಲಿಲ್ಲ.

"ಈಗಲೇ ಬರ್ತೀನಿ ನಡೀರಿ. ನಿಮ್ಮಣ್ಣನ ಕಾಲು ಹಿಡೀತೀನಿ."

"ಬ್ಯಾಡ. ನೀವು ಬಂದ್ರ ಅಣ್ಣ ಬಾಗಿಲಾ ಹಾಕ್ಕೊಂಡು ಕೇಳ್ತಾನ, ಅಲ್ಲೇ ಮುಚ್ಚಿಬಿಡ್ತಾನ. ಟಪಾಲು ಬಂದ್ರ ಅಂಗಡ್ಯಾಗ ಎಲ್ಲರ ಎದುರು ಗಟ್ಟಿಯಾಗಿ ಓದೂದು ಅವನ ರೂಢಿ. ಹಮಾಲರೂ ಕೇಳ್ತಾರ. ನನ್ನ ಹೆಸರು ಎಲ್ಲರ ಎದುರು ಕೆಟ್ಟದ. ಎಲ್ಲರ ಎದುರೇ ಸರಿ ಆಗಬೇಕು." ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ 'ಗಡಿಬಿಡಿಯಲ್ಲಿ ಹೇಳಲಿಲ್ಲ' ಅಂತ ಬರದೀರಿ. ಸುಳ್ಳು ಅದು. ಹೊಡದು ಹಾಕ್ರಿ."

"ಏನು ಬರೀಲಿ?"

"ನಿಮಗೇ ಗೊತ್ತದ."

ಆ ಸಾಲು ಹೊಡೆದು ಅವನು ಬರೆದ: 'ನಾಚಿಕೆಪಟ್ಟು ಹೇಳಲಿಲ್ಲ. ಆಮೇಲೆ ಹೆದರಿ ಹೇಳಲಿಲ್ಲ. ನಾಯಿ ಸತ್ತದ್ದು ನನ್ನಿಂದ.'

ಒಳಬಾಗಿಲಲ್ಲಿ ಪಾರ್ವತೀಬಾಯಿ ನಿಂತಿದ್ದಳು. "ಅಗಬಾಯಿ! ಮಗಾ, ದವಾಖಾನಿಗೆ ಕೀಲಿ ಬೀಳತದ!"

"ಬೀಳಲಿ, ಅವ್ವ," ಎಂದು ಅವನು ಕಾಗದವನ್ನು ಲಕೋಟೆಗೆ ಹಾಕಿದ.

ಟಪಾಲು ಡಬ್ಬಿ ರಸ್ತೆಯ ಆಚೆ ಇತ್ತು. ಇಬ್ಬರೂ ಒಂದು ಮೊಳದ ಅಂತರ ಬಿಟ್ಟು ನಡೆದರು. ಡಬ್ಬಿಯ ಬಾಯಿಯ ಹತ್ತಿರ ಅವನ ಕೈ ನಿಂತುಬಿಟ್ಟಿತು.

"ನಿಮ್ಮಣ್ಣ ಇದನ್ನ ಓದಿದ ಮ್ಯಾಲ... ನಾ ಬಂದು ಕೇಳಲೇನು?"

"ಕೇಳ್ರಿ. ಹಿತ್ತಲ ಕಡಿಯಿಂದ ಬರಬ್ಯಾಡ್ರಿ. ಮುಂಬಾಗಿಲಾ ಬಡೀರಿ."

"ನೀವು... ಹೂಂ ಅಂತೀರೇನು?"

ಐದು ವರ್ಷದ ಅಳು ಈಗ, ನಡುಬೀದಿಯಲ್ಲಿ, ಒಮ್ಮೆಲೇ ಉಕ್ಕಿ ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೂ ಸಿಟ್ಟದ. ಬಹಳ ದಿನ ಇರ್ತದ. ಸಿಟ್ಟಿನ ಜೋಡಿನೇ ಬರ್ತೀನಿ, ನಡೀತದೇನು?"

"ನಡೀತದ." ಅವನು ಲಕೋಟೆಯನ್ನು ಡಬ್ಬಿಯ ಬಾಯಿಗಿಟ್ಟ. "ಬಿಡಲೇನು, ಜಯಾ?"

"ಬಿಡ್ರಿ."

ಅವನು ಬಿಟ್ಟ.