ತುಂತುರಿನ ನೆಲಗಪ್ಪೆಗಳು

ಬಹಳ ಹಿಂದೆ, ಕಾಡಿಗೆಲ್ಲ ಮಾತು ಬರುತ್ತಿದ್ದ ಕಾಲದಲ್ಲಿ, ಸೋಮಾವತಿ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ಕುಸುಮಕೇತು. ಅವನಿಗೆ ಒಬ್ಬಳೇ ತಂಗಿ, ಇಂದುಲೇಖೆ. ಮಾಂತ್ರಿಕ ಧೂಮಾಕ್ಷ ಅವಳನ್ನು ಮದುವೆಗೆ ಕೇಳಿದ, ಅವಳು ಒಲ್ಲೆನೆಂದಳು. ಅವನು ಶಾಪವಿಟ್ಟ. ಅಂದಿನಿಂದ ಅವಳ ಮೈ ಪಾದದಿಂದ ಮೇಲಕ್ಕೆ ಕಲ್ಲಾಗುತ್ತಾ ಬಂತು.

ಧೂಮಾಕ್ಷನ ಪ್ರಾಣವಿದ್ದದ್ದು ದಟ್ಟ ಕಾಡಿನಲ್ಲಿ ಧುಮುಕುವ ಅಬ್ಬಿಯ ನೀರಿನ ಹಿಂದೆ, ಒಂದು ಕರಿಮಣಿಯಲ್ಲಿ. ಕುಸುಮಕೇತು ಅದನ್ನು ಒಡೆಯಲು ಹೊರಟ.

ಅಬ್ಬಿಯ ಬಳಿ ಏಳು ಹೆಡೆಯ ಹಾವು ಅಡ್ಡ ಬಂತು. ಅಲ್ಲಿನ ತುಂತುರಿನಲ್ಲೇ ಬಾಳುತ್ತಿದ್ದ, ಉಗುರಿನಷ್ಟೇ ಗಾತ್ರದ ನೆಲಗಪ್ಪೆಗಳು ಒಟ್ಟಾಗಿ ಕೂಗಿ ಕೂಗಿ ಹಾವಿಗೆ ಜೋಂಪು ಹತ್ತಿಸಿದವು. ಮುಂದೆ ಬೆಂಕಿಯ ಬೇಲಿ. ಕಪ್ಪೆಗಳು ಹಸಿ ಪಾಚಿ ಹೊತ್ತು ತಂದು ಅವನ ಕಾಲಡಿಗೆ ಹಾಸಿದವು.

ಮೂರನೆಯ ತಡೆ ಅಬ್ಬಿಯೇ. ನುಗ್ಗಿದಷ್ಟು ಸಲವೂ ನೀರು ಅವನನ್ನು ಎತ್ತಿ ಎಸೆಯಿತು.

"ಬೇಸಿಗೆಯಲ್ಲಿ ನೀರು ತೆಳುವಾಗುತ್ತದೆ, ಆಗ ಬಾ ಮಗು," ಎಂದಳು ಮುದಿ ಕಪ್ಪೆ. "ಹೊಳೆಯನ್ನು ಮಾತ್ರ ತಿರುಗಿಸಬೇಡ. ಈ ತುಂತುರು ಬಿಟ್ಟರೆ ನಮಗೆ ಬೇರೆ ನೆಲೆಯಿಲ್ಲ."

"ಇಲ್ಲ ಅಜ್ಜಿ, ತಿರುಗಿಸುವುದಿಲ್ಲ."

ಅಷ್ಟರಲ್ಲಿ ಅರಮನೆಯ ದೂತ ಓಡಿ ಬಂದ. "ಪ್ರಭು, ಕಲ್ಲು ಅಮ್ಮಣ್ಣಿಯವರ ಕೊರಳಿಗೆ ಬಂದಿದೆ!"

ಕುಸುಮಕೇತುವಿಗೆ ಅಜ್ಜಿಯ ಮುಖ ನೋಡಲಾಗಲಿಲ್ಲ. ಏನೂ ಹೇಳದೆ ಮೇಲಕ್ಕೆ ಹತ್ತಿ, ಬಂಡೆ ಉರುಳಿಸಿ, ಹೊಳೆಯನ್ನು ಬೇರೆ ಕಣಿವೆಗೆ ತಿರುಗಿಸಿದ. ಅಬ್ಬಿ ನಿಂತಿತು. ಮಣಿ ಒಡೆಯಿತು. ಧೂಮಾಕ್ಷ ಬೂದಿಯಾದ. ಅತ್ತ ಇಂದುಲೇಖೆ ಎದ್ದು ನಡೆದಳು.

ಕುಸುಮಕೇತು ಕೂಡಲೇ ಬಂಡೆ ಸರಿಸಹೊರಟ. ಆದರೆ ಹೊಳೆ ಹೊಸ ದಾರಿಯ ರುಚಿ ಕಂಡಿತ್ತು. ಮರಳಿ ಬರಲು ದಿನಗಳೇ ಹಿಡಿದವು. ಅಷ್ಟರಲ್ಲಿ ಕಲ್ಲು ಕಾದು ಪಾಚಿ ಪುಡಿಯಾಯಿತು. ಅವನು ಪೇಟ ನೆನೆಸಿ ತಂದು ಹಿಂಡಿದ, ಬೊಗಸೆಯಲ್ಲಿ ನೀರು ಚಿಮುಕಿಸಿದ. ಆದರೂ ಕಪ್ಪೆಗಳ ಕೂಗು ಒಂದೊಂದಾಗಿ ನಿಂತಿತು.

ಕೊನೆಗೆ ಉಳಿದವಳು ಮುದಿ ಕಪ್ಪೆ. "ತಂಗಿ ಉಳಿದಳೇ?" ಎಂದು ಕೇಳಿದಳು.

"ಉಳಿದಳು, ಅಜ್ಜಿ."

"ಒಳ್ಳೆಯದಾಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಮಗು. ಅಬ್ಬಿಯ ಪಕ್ಕದ ಆ ಬಂಡೆಯ ಸೀಳಿನಲ್ಲಿ ಒಸರುವ ನೀರಿದೆ. ತುಂತುರು ಆರುವ ಮೊದಲೇ ಮರಿಗಳನ್ನಾದರೂ ಅಲ್ಲಿಗೆ ಒಯ್ಯುತ್ತಿದ್ದೆವು."

ಸೋಮಾವತಿಯ ಜನ ಸುಖವಾಗಿ ಬಾಳಿದರು. ಇಂದುಲೇಖೆಗೆ ಮದುವೆಯಾಯಿತು, ಮಕ್ಕಳಾದವು. ಅಬ್ಬಿ ಮತ್ತೆ ಧುಮುಕಿತು, ತುಂತುರು ಎದ್ದಿತು, ಪಾಚಿಯೂ ಚಿಗುರಿತು. ಕುಸುಮಕೇತು ರಾಜನಾದ ಮೇಲೂ ಪ್ರತಿ ಮಳೆಗಾಲ ಅಲ್ಲಿಗೆ ಹೋಗಿ, ಆ ಸೀಳಿನೊಳಗೆ ಮೆಲ್ಲಗೆ ಕೈಯಿಟ್ಟು ನೋಡುತ್ತಿದ್ದ. ಬೆರಳಿಗೆ ತಣ್ಣನೆಯ ನೀರು ಮಾತ್ರ ತಾಗುತ್ತಿತ್ತು.