ಧೂಮಾಕ್ಷನಿಗೆ ಒಪ್ಪಿದ ಅಂಗಿ

ವೈಶಾಖ ಶುದ್ಧ ಸಪ್ತಮಿ, ಬುಧವಾರ. ಬೆಳಗ್ಗೆ ಮೋಡ ಕವಿದಿತ್ತು, ಮಧ್ಯಾಹ್ನಕ್ಕೆ ಬಿಸಿಲು ಬಂತು. ಬಹಳ ಹಿಂದೆ, ವಸನಪುರವೆಂಬ ರಾಜ್ಯದಲ್ಲಿ, ಅಂಥದೊಂದು ದಿನ ಮಾಚಲೆ ಎಂಬ ಹುಡುಗಿ ಮಾಯಾವಿಯ ಅರಮನೆಗೆ ಹೊರಟಳು.

ವಸನಪುರದಲ್ಲಿ ಉಡುಗೆಯ ವಿದ್ಯಾಪೀಠವಿತ್ತು. ಸುತ್ತಲ ರಾಜ್ಯಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಅಲ್ಲಿ ಬೆಳದಿಂಗಳನ್ನು ನೂಲುವುದು ಕಲಿಸುತ್ತಿದ್ದರು. ಬಟ್ಟೆಯ ಮೇಲೆ ಅಚ್ಚೊತ್ತಿದ ಹಕ್ಕಿಗೆ ಜೀವ ಬರಿಸುವುದು ಕಲಿಸುತ್ತಿದ್ದರು. ಓದು ಎರಡು ಬಗೆ. ವಿನ್ಯಾಸದವರು ಉಡುಗೆಯನ್ನು ಕಲ್ಪಿಸಿ, ಕತ್ತರಿಸಿ, ಹೊಲಿಯುವರು. ಮಾರಾಟದವರು ಯಾವ ಉಡುಗೆ ಯಾರಿಗೆ, ಯಾವ ಕಾಲಕ್ಕೆ, ಯಾವ ಬೆಲೆಗೆ ಎಂದು ಅರಿಯುವರು. ಮಾಚಲೆ ಮಾರಾಟದವಳು. ‘ಅಂಗಡಿ ಓದು’ ಎಂದು ವಿನ್ಯಾಸದವರು ನಗುತ್ತಿದ್ದರು. ನಗದಿದ್ದವಳು ಅವಳ ಅಕ್ಕ ಹೊನ್ನವ್ವ ಒಬ್ಬಳೇ. ಹೊನ್ನವ್ವನ ಕತ್ತರಿಗೆ ಸಮನಾದ ಕತ್ತರಿ ಇಡೀ ವಿದ್ಯಾಪೀಠದಲ್ಲಿರಲಿಲ್ಲ.

ಊರಾಚೆ ಗುಡ್ಡದ ಮೇಲೆ ಧೂಮಾಕ್ಷನೆಂಬ ಮಾಯಾವಿಯಿದ್ದ. ಅವನಿಗೆ ಹೆಗಲ ಮೇಲೆ ಎರಡು ಕೊಂಬು, ಹಿಂದೆ ಮೊಸಳೆಯ ಬಾಲ. ಅವನು ಡಂಗುರ ಹೊಡೆಸಿದ್ದ: ನನಗೆ ಒಪ್ಪುವ ಉಡುಗೆ ತಂದವರಿಗೆ ಕೇಳಿದ ಬೆಲೆ ಕೊಡುತ್ತೇನೆ. ಮೂರು ಸಲ ತರಬಹುದು. ಮೂರೂ ಒಪ್ಪದಿದ್ದರೆ ತಂದವರು ಮರದ ಬೊಂಬೆಯಾಗಿ ನನ್ನ ಚಾವಡಿಯಲ್ಲಿ ನಿಲ್ಲಬೇಕು. ಆಗದ ಕೆಲಸವೆಂದರೆ ಹೊನ್ನವ್ವನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಹೋದವಳು ಬರಲಿಲ್ಲ.

ಮಾಚಲೆ ಅಕ್ಕನ ಸಹಪಾಠಿ ಸೋವಣ್ಣನ ಬಳಿ ಹೋದಳು. “ನೀನು ಹೊಲಿ, ನಾನು ಮಾರುತ್ತೇನೆ.”

“ಸೂಜಿಗೆ ದಾರ ಪೋಣಿಸಲು ಬಾರದವಳು ಮಾಯಾವಿಗೆ ಮಾರುತ್ತೀಯಾ?”

“ಅದಕ್ಕೇ ನಿನ್ನನ್ನು ಕರೆಯುತ್ತಿರುವುದು.”

ಮೊದಲು ಸೋವಣ್ಣ ಬೆಳದಿಂಗಳ ನಿಲುವಂಗಿ ಹೊಲಿದ. ಮಾಚಲೆ ಅದನ್ನು ಒಯ್ದು ಧೂಮಾಕ್ಷನೆದುರು ಬಿಚ್ಚಿದಾಗ ಚಾವಡಿಯೆಲ್ಲ ಬೆಳಗಿತು. ಧೂಮಾಕ್ಷ ತೊಟ್ಟ, ತೆಗೆದ. “ಚೆನ್ನಾಗಿದೆ. ಒಪ್ಪಲಿಲ್ಲ,” ಎಂದ. ಮಾಚಲೆಯ ಪಾದಗಳು ಮರವಾದವು. ನಡೆಯಲಾಗದೆ ಅವಳು ಚಾವಡಿಯಲ್ಲೇ ಉಳಿದಳು.

ಎರಡನೆಯದು ನವಿಲಿನ ಅಂಗಿ. ಆತುರದಲ್ಲಿ ಸೋವಣ್ಣ ಹೆಗಲಿಗೆ ಹೊಲಿಗೆ ಹಾಕದೆ, ಒಂದೇ ಬಟ್ಟೆಯನ್ನು ಮುಂದಿನಿಂದ ಬೆನ್ನಿಗೆ ಮಡಚಿ ಹೊಲಿದುಬಿಟ್ಟಿದ್ದ. ತೊಟ್ಟೊಡನೆ ಅಚ್ಚಿನ ನವಿಲುಗಳಿಗೆ ಜೀವ ಬಂತು. ಎದೆಯ ಮೇಲಿನವು ಕುಣಿದವು. ಬೆನ್ನಿನವು ತಲೆಕೆಳಗಾಗಿ ಜೋತು ಅರಚತೊಡಗಿದವು.

“ಇವಕ್ಕೇನಾಗಿದೆ?” ಎಂದ ಧೂಮಾಕ್ಷ.

“ಬಟ್ಟೆ ತಿರುಗಿದಾಗ ನವಿಲೂ ತಿರುಗುತ್ತದೆ ಒಡೆಯಾ,” ಎಂದು ಸೋವಣ್ಣ ತಲೆ ತಗ್ಗಿಸಿದ. “ಮೊದಲ ವರ್ಷದ ಪಾಠ.”

ಧೂಮಾಕ್ಷ ನಕ್ಕ. ನಗುತ್ತಲೇ ಅಂಗಿ ತೆಗೆದ. ಮಾಚಲೆ ಸೊಂಟದವರೆಗೆ ಮರವಾದಳು. ಅವಳನ್ನು ಎತ್ತಿ, ಬೊಂಬೆಯಾಗಿದ್ದ ಹೊನ್ನವ್ವನ ಪಕ್ಕ, ಕಿಟಕಿಯೆದುರು ನಿಲ್ಲಿಸಿದ.

ಆಗ ಮಾಚಲೆಗೆ ತನ್ನ ತಪ್ಪು ಹೊಳೆಯಿತು. ಮಾರಾಟದ ಓದಿನಲ್ಲಿ ಒಂದು ಕಟ್ಟಳೆಯಿತ್ತು: ಮಾರುವ ಮೊದಲು ಕೊಳ್ಳುವವರ ಜಗಲಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಯಿಬಿಡದೆ ಕೂರಬೇಕು. ಅಕ್ಕನನ್ನು ಬಿಡಿಸುವ ಆತುರದಲ್ಲಿ ಅವಳು ಅದನ್ನು ಬಿಟ್ಟಿದ್ದಳು.

ಮರುದಿನವೆಲ್ಲ ಅವಳು ಮಾತಾಡಲಿಲ್ಲ, ನೋಡಿದಳು. ಧೂಮಾಕ್ಷ ತನ್ನ ರೆಕ್ಕೆಹುಲಿಗೆ ಊಟ ಹಾಕಿದ. ಒಬ್ಬನೇ ಉಂಡ. ಆಮೇಲೆ ಪರದೆ ಸರಿಸಿ ಕಿಟಕಿಯಲ್ಲಿ ನಿಂತ. ಕೆಳಗೆ ವಸನಪುರದ ಸಂತೆ. ಯಾರೋ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದರು. ಒಂದು ಮಗು ತಲೆಯೆತ್ತಿದಾಗ ಅವನು ಸರಕ್ಕನೆ ಹಿಂದೆ ಸರಿದ. ಕೊನೆಗೆ ಬೊಂಬೆಯೊಂದರ ಮುಂದೆ ನಿಂತು, ಮೆಲ್ಲಗೆ, “ಸೊಪ್ಪು ಕಟ್ಟಿಗೆ ಎಷ್ಟಮ್ಮಾ?” ಎಂದ.

ಸಂಜೆ ಸೋವಣ್ಣ ಬಂದ. ಮಾಚಲೆ ಹೇಳಿದಳು, “ಯಾರೂ ತಿರುಗಿ ನೋಡದಂಥ ಅಂಗಿ ಹೊಲಿ.”

“ಅದನ್ನು ಹೊಲಿಯಲು ಇಷ್ಟು ವರ್ಷ ಓದಿದೆನೇ?”

“ಕೊಂಬು ಕಾಣಬಾರದು. ಬಾಲ ಕಾಣಬಾರದು. ಮಂತ್ರ ಕೂಡದು. ನಿನ್ನ ಕೈಲಾಗದಿದ್ದರೆ ಹೇಳು ಮಾರಾಯ, ಬೇರೆಯವರನ್ನು ಕೇಳುತ್ತೇನೆ.”

ಸೋವಣ್ಣ ಕತ್ತರಿ ಕೈಗೆತ್ತಿಕೊಂಡ. ಒರಟು ಹತ್ತಿ ಬಟ್ಟೆ ತಂದು ಕತ್ತರಿಸಿದ, ಬಿಚ್ಚಿದ, ಮತ್ತೆ ಕತ್ತರಿಸಿದ. ಹೆಗಲಲ್ಲಿ ನೆರಿಗೆ ಹಿಡಿದು ಕೊಂಬುಗಳನ್ನು ಮೂಟೆ ಹೊರುವವನ ಬಟ್ಟೆಯ ಸಿಂಬಿಯಂತೆ ಕಾಣುವ ಹಾಗೆ ಮಾಡಿದ. ಬೆನ್ನ ಕೆಳಗೆ ಮಡಿಕೆಯೊಳಗೆ ಮಡಿಕೆಯಿಟ್ಟು ಬಾಲಕ್ಕೆ ಜಾಗ ಮಾಡಿದ. ಅವನು ಕಲಿತದ್ದೆಲ್ಲ ಆ ಅಂಗಿಯಲ್ಲಿತ್ತು, ಒಂದೂ ಕಾಣುತ್ತಿರಲಿಲ್ಲ.

ಮರುದಿನ ಧೂಮಾಕ್ಷ ಅದನ್ನು ತೊಟ್ಟು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ.

“ಬೆಲೆ?”

“ನನ್ನ ಅಕ್ಕ,” ಎಂದಳು ಮಾಚಲೆ.

“ಒಂದು ಸಲ ಹೋಗಿಬರುತ್ತೇನೆ, ಆಮೇಲೆ ಹೇಳುತ್ತೇನೆ.”

ಅವನು ಗುಡ್ಡ ಇಳಿದ. ಮಾಚಲೆಯೂ ಸೋವಣ್ಣನೂ ಕಿಟಕಿಯಿಂದ ನೋಡಿದರು. ಯಾರೂ ಓಡಲಿಲ್ಲ. ಸೊಪ್ಪಿನವಳೊಬ್ಬಳ ದನಿ ಗುಡ್ಡದವರೆಗೂ ಕೇಳಿತು: “ದಾರಿಗೆ ಅಡ್ಡ ನಿಂತಿದ್ದೀಯಲ್ಲಪ್ಪ, ಅತ್ತ ಸರಿ. ಚೌಕಾಸಿ ಬೇರೆ ಮಾಡ್ತಾನೆ. ಅಡುಗೆ ಮಾಡಿ ಗೊತ್ತಾ ನಿಂಗೆ?” ಮಾಯಾವಿ ಅತ್ತ ಸರಿದ.

ಹೊತ್ತು ಮುಳುಗುವ ಮೊದಲು ಚಾವಡಿಯ ಬೊಂಬೆಗಳಿಗೆಲ್ಲ, ಮಾಚಲೆಯ ಕಾಲುಗಳಿಗೂ, ಜೀವ ಬಂತು. ಹೊನ್ನವ್ವ ಕಣ್ಣುಜ್ಜಿ, ಮೊದಲು ಧೂಮಾಕ್ಷನ ಹೆಗಲ ನೆರಿಗೆ ಮುಟ್ಟಿ ನೋಡಿ, “ಇದನ್ನು ಯಾರು ಹೊಲಿದದ್ದು?” ಎಂದಳು. ಎಲ್ಲರೂ ತಂತಮ್ಮ ಮನೆ ಸೇರಿದರು. ಉಟ್ಟು ಉಂಡು ಸುಖವಾಗಿ ಬಾಳಿದರು. ‘ಅಂಗಡಿ ಓದು’ ಎನ್ನುವವರು ಆಮೇಲೆ ಯಾರೂ ಉಳಿಯಲಿಲ್ಲ.

ಉಡುಗೆ ಮಾರಿ ಬಂದವರು ವಿದ್ಯಾಪೀಠದ ಗುರುಗಳಿಗೆ ಬೆಲೆ ಹೇಳಬೇಕಿತ್ತು. ಮಾಚಲೆ ಗುರು ಕೇತಮ್ಮನವರ ಮುಂದೆ ಕೂತಳು.

“ಒಂದು ಅಂಗಿಗೆ ಒಬ್ಬಳು ಅಕ್ಕ, ಸರಿಯಾದ ಬೆಲೆ,” ಎಂದರು ಕೇತಮ್ಮ. “ಆದರೆ ಎಲ್ಲರೂ ಹೇಗೆ ಬಂದರು ಮಗಳೇ?”

“ಸಂತೆಯಿಂದ ಬಂದವನು ಸೊಪ್ಪಿನ ಕಟ್ಟನ್ನು ಕೆಳಗಿಟ್ಟ. ‘ನೀನು ಕಡಿಮೆ ಕೇಳಿದೆ’ ಎಂದ. ನಾಲಿಗೆಯ ಕೆಳಗಿನಿಂದ ಕರಿಮಣಿಯಂಥದೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟ. ಅದು ಅಂಗೈಯಲ್ಲೇ ಕರಗಿಹೋಯಿತು, ಬೊಂಬೆಗಳೆಲ್ಲ ಕದಲಿದವು.”

“ಏನದು?”

“ಅವನ ಮಂತ್ರ, ಗುರುಗಳೇ. ಅವನ ಹತ್ತಿರ ಇದ್ದದ್ದು ಅದೊಂದೇ.”